ಕೊಬ್ಬರಿ ಹೋರಿಗೆ ಬಿದ್ದ ಕೋಟೆ

ಆಟ ಎಂದರೆ ಗೆಲ್ಲಬೇಕು ಇಲ್ಲವೇ ಸೋಲಬೇಕು, ಮುಗಿಸಿ ಎದ್ದು ಹೋಗಬೇಕು ಎಂದು ತಿಳಿದವರಿಗೆ ನಮ್ಮ ಆಟ ಎಂಥದ್ದೆಂದು ಹೇಳಿ ಮುಗಿಸುವಷ್ಟರಲ್ಲಿ ನನ್ನ ಗಿರಣಿಯಲ್ಲಿ ಒಂದು ಚೀಲ ಜೋಳ ಬೀಸಿ ಆಗಿರುತ್ತದೆ. ಆದರೂ ಹೇಳುತ್ತೇನೆ. ನನಗೆ ಹಠ ಜಾಸ್ತಿ, ತಾಳ್ಮೆ ಕಡಿಮೆ. ಈ ಕಥೆಗೆ ಎರಡೂ ಬೇಕು.

ಆ ಆಟಕ್ಕೆ ಇಂಗ್ಲಿಷಿನಲ್ಲಿ ಮಾರುದ್ದದ ಹೆಸರಿದೆ. ನಾವು ‘ನಾಡು’ ಅನ್ನುತ್ತೇವೆ. ಮೊಬೈಲಿನಲ್ಲೇ ಆಡುವುದು. ಎಲ್ಲೆಲ್ಲಿಯವರೋ ಸಾವಿರಾರು ಜನ ಒಂದೇ ನೆಲದ ಮೇಲೆ ಇರುತ್ತಾರೆ. ಹೊಸಬರು ಸಮುದ್ರದ ದಂಡೆಗೆ ಬರಿಗೈಯಲ್ಲಿ ಬಂದು ಇಳಿಯಬೇಕು. ಮುಂದೇನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಬೇಕಾದರೆ ಉಳು, ಬೇಕಾದರೆ ಕಬ್ಬಿಣ ಕಾಸು, ಬೇಕಾದರೆ ದರೋಡೆ ಮಾಡು. ಫೋನು ಮುಚ್ಚಿಟ್ಟು ಮಲಗಿದರೂ ಅಲ್ಲಿ ಗೋಧಿ ಬೆಳೆಯುತ್ತಿರುತ್ತದೆ, ಕೆರೆ ಬತ್ತುತ್ತಿರುತ್ತದೆ, ಕಳ್ಳ ನಡೆದು ಬರುತ್ತಿರುತ್ತಾನೆ. ಮೊದಮೊದಲು ನಾನು ಹಸಿದು ಸತ್ತೆ, ಚಳಿಗೆ ಸತ್ತೆ, ಒಮ್ಮೆ ನಾನೇ ಕಟ್ಟಿದ ಗೋಡೆ ಮೈಮೇಲೆ ಬಿದ್ದು ಸತ್ತೆ. ಗೋಡೆಗೆ ಬುನಾದಿ ಬೇಕೆಂದು ಆಟ ಹೇಳಿರಲಿಲ್ಲ. ಹೇಳದಿದ್ದದ್ದಕ್ಕೇ ನನಗೆ ಆಟ ಹಿಡಿಸಿತು. ಕಲಿತಷ್ಟೂ ಇನ್ನೂ ಕಲಿಯುವುದಿರುತ್ತದೆ, ಕೊನೆ ಎಂಬುದೇ ಇಲ್ಲ.

ನಾನು ರಾಜಶ್ರೀ, ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವಳು. ನಮ್ಮಪ್ಪ ನೀಲಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಹಿಟ್ಟಿನ ಗಿರಣಿ ನನ್ನ ಪಾಲಿಗೆ ಬಂತು. ಜೋಳ ಸುರಿದು ಬೀಸುವ ನಡುವೆ ಸಿಗುವ ಬಿಡುವಿನಲ್ಲಿ ನಾನು ಆಟದ ಊರು ಕಟ್ಟಿದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳ ಸುಮಾರು ನಲವತ್ತು ಜನ ಒಬ್ಬರಿಂದ ಒಬ್ಬರು ಕೇಳಿ ಬಂದು ಸೇರಿದರು. ‘ನಾಕೂರ ಪಡೆ’ ಎಂದು ಹೆಸರಿಟ್ಟೆವು. ಕೆರೆಯೊಂದರ ಪಕ್ಕ ಎರಡು ವರ್ಷ ಕಲ್ಲು ಹೊತ್ತು ಕೋಟೆ ಎಬ್ಬಿಸಿ ‘ಕೆರೆಕೋಟಿ’ ಎಂದು ಕರೆದೆವು. ನನ್ನನ್ನು ಒಡತಿ ಎಂದು ಆರಿಸಿದರು. ಎಲ್ಲರಿಗೂ ನಾನು ಗಿರಣಿ ಅಕ್ಕ.

ನಮ್ಮ ಕಡೆ ಯಾರಾದರೂ ಹೊಸಬರು ಕಂಡರೆ ಮೊದಲು ಊರು ಕೇಳುತ್ತಾರೆ, ಆಮೇಲೆ ಓಣಿ ಕೇಳುತ್ತಾರೆ. ಓಣಿ ಗೊತ್ತಾದರೆ ಸಾಕು, ಉಳಿದದ್ದನ್ನು ತಾವೇ ತಿಳಿದುಕೊಳ್ಳುತ್ತಾರೆ. ತಿಳಿದ ಮೇಲೆ ದನಿ ಬೇರೆ ಆಗುತ್ತದೆ. ನಮ್ಮ ಓಣಿಯ ಹೆಸರು ಹೇಳಿ ಆ ದನಿ ಕೇಳಿ ಕೇಳಿ ನನಗೆ ಸಾಕಾಗಿತ್ತು. ಕೆರೆಕೋಟಿಯಲ್ಲಿ ಮಾತ್ರ ಒಂದೇ ಪ್ರಶ್ನೆ: ನಿನಗೆ ಏನು ಮಾಡಲು ಬರುತ್ತದೆ? ಸವಣೂರಿನಲ್ಲಿ ಖಾರ ಮಾಡಿ ಮಾರುವ ಮಾಸೂಮಾ ಚಾಚಿ, ಲೆಕ್ಕ ತಪ್ಪದಂತೆ ಉಗ್ರಾಣ ನೋಡಿಕೊಳ್ಳುತ್ತೇನೆ ಅಂದಳು. ಶಿಗ್ಗಾಂವಿಯಲ್ಲಿ ಸಾಮಾನಿನ ಗಾಡಿ ಓಡಿಸುವ ಫಕ್ಕೀರೇಶ, ಬಾಗಿಲು ಕಾಯುತ್ತೇನೆ ಅಂದ. ಅವನು ನಮ್ಮ ಪೈಕಿಯ ಹುಡುಗನೇ ಎಂದು ನನಗೆ ತಿಳಿದದ್ದೂ ಎಷ್ಟೋ ದಿನಗಳ ಮೇಲೆ. ಅಕ್ಕಿಆಲೂರಿನ ಚನ್ನೇಶ ಗೋಡೆ ಕಟ್ಟುವುದರಲ್ಲಿ ಎಲ್ಲರಿಗಿಂತ ಗಟ್ಟಿಗ. ಹೊಲಗದ್ದೆ, ಅಕ್ಕಿ ಗಿರಣಿ ಇರುವ ಮನೆತನ ಅವನದು. ಊರಲ್ಲಿ ಎದುರಾದರೆ ನಾನು ಬಹುವಚನ ಹಚ್ಚಿ ಪಕ್ಕಕ್ಕೆ ಸರಿಯಬೇಕು. ಆಟದಲ್ಲಿ ಅವನೇ ನನ್ನನ್ನು ‘ಅಕ್ಕಾರ’ ಅನ್ನುತ್ತಿದ್ದ, ಫಕ್ಕೀರೇಶ ಅವನನ್ನು ‘ಚನ್ನೇಶಣ್ಣ’ ಅನ್ನುತ್ತಿದ್ದ. ಆ ಎರಡು ಮಾತುಗಳಿಗೋಸ್ಕರವೇ ನಾನು ದಿನಾ ಆಟ ತೆರೆಯುತ್ತಿದ್ದೆ ಎಂದರೆ ಸುಳ್ಳಲ್ಲ.

ಆ ಕೋಟೆ ಒಂದು ಹೋರಿಯ ದೆಸೆಯಿಂದ ಬಿತ್ತು.

ನಮ್ಮ ಸೀಮೆಯವರಿಗೆ ಕೊಬ್ಬರಿ ಹೋರಿಯ ಬಗ್ಗೆ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ದೀಪಾವಳಿ ಆದ ಮೇಲೆ ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಜೂಲು ಹೊದಿಸಿ, ಬಲೂನು ಏರಿಸಿ, ಜನ ತುಂಬಿದ ಅಖಾಡದಲ್ಲಿ ಓಡಲು ಬಿಡುತ್ತಾರೆ. ಗಂಡುಹುಡುಗರು ಬೆನ್ನು ಬಿದ್ದು ಕೊಬ್ಬರಿ ಹರಿಯಬೇಕು. ಸಿಕ್ಕದೆ ಪಾರಾದರೆ ಹೋರಿ ಗೆದ್ದಂತೆ. ಫಕ್ಕೀರೇಶ ಆ ವಿದ್ಯೆಯಲ್ಲಿ ಹೆಸರುವಾಸಿ. ಆಟದಲ್ಲಿ ಬೇರೆ ಪಡೆಗಳವರೂ ಓದುವ ಹರಟೆ ಕಟ್ಟೆಯೊಂದಿದೆ. ಅಲ್ಲಿ ಅವನು ತಾನು ಕೊಬ್ಬರಿ ಹರಿದ ವಿಡಿಯೋಗಳನ್ನು ಹಾಕಿ, ‘ಹೋರಿ ಕಂಡರ ನಮ್ಮ ಮಂದಿ ಉಣ್ಣೂದು ಬಿಟ್ಟು ಓಡತಾರ’ ಎಂದು ಬರೆದು ಮೆರೆದಿದ್ದ. ಅದನ್ನು ಕಾಗೆ ಪಡೆಯವರು ಓದಿದ್ದರು. ಅವರ ಬಾವುಟದಲ್ಲಿ ಕಾಗೆ ಇದೆ, ಎಲ್ಲಿಯವರೋ ಗೊತ್ತಿಲ್ಲ. ಬುದ್ಧಿ ಮಾತ್ರ ಚುರುಕು.

ಒಂದು ಮಧ್ಯಾಹ್ನ ಕೆರೆಕೋಟಿಯ ಮುಂದೆ ಗೆಜ್ಜೆ ಸದ್ದಾಯಿತು. ಆಟದಲ್ಲಿ ಹೇರು ಹೊರಲು ಎತ್ತುಗಳಿವೆ. ಅಂಥ ಎತ್ತೊಂದಕ್ಕೆ ಅವರು ಕೆಂಪು ಬಟ್ಟೆ ಹೊದಿಸಿ, ಕೊರಳಿಗೆ ತೆಂಗಿನಕಾಯಿ ಸರ ಕಟ್ಟಿ ಓಡಲು ಬಿಟ್ಟಿದ್ದರು. ಅದು ನಮ್ಮ ಬಾಗಿಲ ಮುಂದೆ ಹಾದು ಹೋಯಿತು. ಫಕ್ಕೀರೇಶ ಬಾಗಿಲು ಬಿಟ್ಟು ಓಡಿದ. ಅವನ ಹಿಂದೆ ಗೋಡೆಯ ಮೇಲಿದ್ದವರು ಹಾರಿದರು, ಕಮ್ಮಾರಸಾಲೆಯವರು ಸುತ್ತಿಗೆ ಒಗೆದು ಬಂದರು, ಚನ್ನೇಶನೂ ಓಡಿದ. ನಾನು ಗಿರಣಿಯಲ್ಲಿ ಗೋಧಿ ಸುರಿಯುತ್ತಿದ್ದೆ. ಫೋನು ನೋಡುವಷ್ಟರಲ್ಲಿ ಊರೊಳಗೆ ಕಾಗೆಗಳು ತುಂಬಿದ್ದವು. ಉಳಿದವಳು ಮಾಸೂಮಾ ಚಾಚಿ ಒಬ್ಬಳೇ. ಹೋರಿಯ ಹುಚ್ಚು ಅವಳಿಗಿರಲಿಲ್ಲ.

“ಬೇಟಿ, ಉಗ್ರಾಣಕ್ಕ ಬೆಂಕಿ ಹಚ್ಚಾಕತ್ತಾರ. ನಾ ಒಬ್ಬಾಕಿ ಏನ್ ಮಾಡ್ಲಿ?” ಎಂದು ನನ್ನ ಕಿವಿಯ ಇಯರ್‌ಫೋನಿನಲ್ಲಿ ಅತ್ತಳು.

ಹೋರಿಯ ಹಿಂದೆ ಹೋದವರನ್ನು ಕಾಗೆ ಪಡೆಯವರು ಕೊಲ್ಲಲೂ ಇಲ್ಲ. ನಿಂತು ನಕ್ಕರಂತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆಯಾದರೂ ಮೇಲು, ನಮಗೆ ಹಾಕಲು ಬಾಗಿಲೇ ಉಳಿಯಲಿಲ್ಲ.

ಆ ಸಂಜೆ ಎಲ್ಲರೂ ಕಾಲ್‌ನಲ್ಲಿ ಸೇರಿದಾಗ ನಾನು ಫಕ್ಕೀರೇಶನ ಜನ್ಮ ಜಾಲಾಡಲು ತಯಾರಾಗಿ ಕೂತಿದ್ದೆ. ನನಗಿಂತ ಮೊದಲು ಚನ್ನೇಶ ಬಾಯಿ ತೆಗೆದ.

“ಕೊಡಬಾರದವರ ಕೈಯಾಗ ಬಾಗಲಾ ಕೊಟ್ವಿ. ನಿಮ್ಮಂಥಾವರಿಗೆ ಜವಾಬ್ದಾರಿ ಅಂದ್ರ ಏನಂತ ಗೊತ್ತೈತಿ?”

ನಿಮ್ಮಂಥವರು ಎಂದರೆ ಯಾರೆಂದು ಅವನು ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅವನೂ ಓಡಿದವನೇ. ಆದರೆ ಯಾರೂ ಅದನ್ನು ಎತ್ತಲಿಲ್ಲ. “ಹೌದ್ರಿ ಗೌಡ್ರ” ಎಂದು ಫಕ್ಕೀರೇಶ ಫೋನು ಇಟ್ಟುಬಿಟ್ಟ. ಕೋಟೆ ಹೋದದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಆ ‘ಗೌಡ್ರ’ ಕೇಳಿ ನನಗೆ ಅಳು ಬಂತು. ಎರಡು ವರ್ಷ ಹೊರಗಿಟ್ಟಿದ್ದ ಓಣಿ ನಮ್ಮ ಪಡೆಯೊಳಗೆ ಬಂದು ಕೂತಿತ್ತು.

ಮರುದಿನ ಚನ್ನೇಶ ನನಗೆ ಫೋನು ಮಾಡಿ, “ಅಕ್ಕಾರ, ಅವನ್ನ ತೆಗದರ ನಾ ಇರ್ತೇನಿ. ಇಲ್ಲಂದ್ರ ನಾ, ನಮ್ಮ ಕಡೆ ಹುಡುಗರು ಹೊಂಟ್ವಿ” ಅಂದ.

“ಯಾರನ್ನೂ ತೆಗೆಯಂಗಿಲ್ಲ. ನೀನೂ ಹೋಗಂಗಿಲ್ಲ. ಹೊಸಾ ಕೋಟಿಗೆ ಬುನಾದಿ ತೋಡಾಕತ್ತೇನಿ, ಬಂದು ಕಲ್ಲು ಹೊರು” ಎಂದು ಇಟ್ಟುಬಿಟ್ಟೆ. ಆ ಮನೆತನದವರಿಗೆ ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡಿದ್ದಿಲ್ಲ.

ಫಕ್ಕೀರೇಶ ಫೋನು ಎತ್ತಲೇ ಇಲ್ಲ. ಅಮಾವಾಸ್ಯೆಗೆ ಗಿರಣಿ ಬಂದ್ ಇರುತ್ತದೆ. ಆ ದಿನ ಬಸ್ಸು ಹಿಡಿದು ಹಾನಗಲ್ಲಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಶಿಗ್ಗಾಂವಿಗೆ ಹೋದೆ. ಗಾಡಿಗಳು ನಿಲ್ಲುವಲ್ಲಿ ಅವನು ಬಾಡಿಗೆಗೆ ಕಾಯುತ್ತ ಕೂತಿದ್ದ. ನನ್ನ ದನಿ ಕೇಳಿದ್ದೇ ಗುರುತು ಹಿಡಿದು ಎದ್ದು ನಿಂತ.

“ಅಕ್ಕಾ, ನನ್ನಿಂದ ಊರು ಹೋತು. ನಾ ಇನ್ನ ಬರಂಗಿಲ್ಲ. ಬೈಯೂದಿದ್ದರ ಬೈದು ಹೋಗ್ರಿ.”

“ಬೈತೇನಿ, ಅದಕ್ಕ ಬಂದೇನಿ. ನೀ ಹೋರಿ ಹಿಂದ ಓಡಿದ್ದು ಕತ್ತೆ ಕೆಲಸ. ಆದರ ನಲವತ್ತು ಮಂದಿ ಕತ್ತೆಗೋಳು ಓಡಿದ್ವು, ನೀ ಒಬ್ಬನ ಅಲ್ಲ. ಈಗ ನೀ ಬಿಟ್ಟು ಹೋದರ ಅಂವ ಆಡಿದ ಮಾತು ಖರೆ ಆಗತೈತಿ. ನೀ ಇದ್ದರ ಅದು ಸುಳ್ಳಾಗತೈತಿ. ಯಾವುದು ಬೇಕು ಹೇಳು.”

ಅವನು ನನಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದ. ನಾನು ಹಾನಗಲ್ಲು ಮುಟ್ಟುವಷ್ಟರಲ್ಲಿ ಅವನು ಆಟಕ್ಕೆ ಬಂದು ಮಣ್ಣು ಹೊರುತ್ತಿದ್ದ. ಚನ್ನೇಶನೂ ಬಿಟ್ಟು ಹೋಗಲಿಲ್ಲ. ಸಿಟ್ಟಿದ್ದರೂ ಗೋಡೆ ಕಟ್ಟುವುದೆಂದರೆ ಅವನಿಗೆ ಜೀವ. ಇಬ್ಬರೂ ಒಂದೇ ಗೋಡೆಯ ಎರಡು ತುದಿಯಲ್ಲಿ ಮಾತಿಲ್ಲದೆ ಕೆಲಸ ಮಾಡುತ್ತಿದ್ದರು.

ಹೊಸ ಕೋಟೆಗೆ ‘ಮರುಕೋಟಿ’ ಎಂದು ಹೆಸರಿಟ್ಟೆ. ಆಟದ ನಿಯಮ ಕಠಿಣ. ಎರಡನೆಯ ಕೋಟೆಯೂ ಬಿದ್ದರೆ ಪಡೆಯ ಹೆಸರೇ ಅಳಿಸಿಹೋಗುತ್ತದೆ, ಜನ ಚದುರಿಹೋಗುತ್ತಾರೆ. ಕಾಗೆಗಳು ಮತ್ತೆ ಬರುವುದು ಖಂಡಿತವಿತ್ತು, ಮತ್ತೆ ಹೋರಿ ಬಿಡುವುದೂ ಖಂಡಿತವಿತ್ತು. ಗೋಡೆ ಎತ್ತರಿಸಬಹುದು, ನಮ್ಮವರ ಕಾಲು ಕಟ್ಟುವುದು ಹೇಗೆ? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಸುಡುವುದು ಬೇಡ, ಪಳಗಿಸೋಣ ಎಂದು ನಿಶ್ಚಯಿಸಿದೆ.

ಹಾನಗಲ್ಲಿನ ಹತ್ತಿರ ಕೊಯ್ದ ಗದ್ದೆಯೊಂದರಲ್ಲಿ ಹೋರಿ ಬೆದರಿಸುವ ಸ್ಪರ್ಧೆ ಇತ್ತು. ಪಡೆಯವರೆಲ್ಲ ಬರಬೇಕೆಂದು ಹುಕುಂ ಮಾಡಿದೆ. ಫಕ್ಕೀರೇಶನೊಬ್ಬನನ್ನು ಬಿಟ್ಟರೆ ಬಂದವರ ಮುಖಗಳನ್ನು ಅವತ್ತೇ ಮೊದಲು ನೋಡಿದ್ದು. ಒಬ್ಬರ ದನಿ ದಪ್ಪ, ಮೈ ಕಡ್ಡಿ. ಇನ್ನೊಬ್ಬರದು ತಿರುಗಾಮುರುಗಾ. ಎಲ್ಲರನ್ನೂ ಅಖಾಡದ ಬೇಲಿಗೆ ಸಾಲಾಗಿ ನಿಲ್ಲಿಸಿ, “ಕೈ ಹಿಂದ ಕಟ್ರಿ. ಯಾವ ಹೋರಿ ಬಂದರೂ ಯಾರೂ ಕದಲೂ ಹಂಗಿಲ್ಲ. ಒಂದು ಕೊಬ್ಬರಿ ಮುಟ್ಟಿದರೂ ಅಂವ ತಿಂಗಳಾನಗಟ್ಟಲೆ ಸಗಣಿ ಬಳೀಬೇಕು” ಅಂದೆ. ಆಟದಲ್ಲಿ ಸಗಣಿ ಬಳಿಯುವ ಕೆಲಸವೂ ಇದೆ.

ಮೊದಲನೆಯ ಹೋರಿಗೇ ಅರ್ಧ ಸಾಲು ಖಾಲಿಯಾಯಿತು. ಹಿಡಿದು ತಂದು ಮತ್ತೆ ನಿಲ್ಲಿಸಿದೆ. ಹೋರಿಯ ಮೇಲೆ ಹೋರಿ ಬಂದವು. ಸುತ್ತಲಿನ ಜನ, “ಏ ಫಕ್ಕೀರೇಶ, ಕೈಗೆ ಲಕ್ವಾ ಹೊಡದೈತೇನಲೇ?” ಎಂದು ಕಿಚಾಯಿಸಿದರು. ಅವನು ಅಂಗಿಯ ಕಾಲರನ್ನು ಹಲ್ಲಲ್ಲಿ ಕಚ್ಚಿ ನಿಂತಿದ್ದ. ಕಣ್ಣಲ್ಲಿ ನೀರು ಬಂದಿತ್ತು, ಕಾಲು ಮಾತ್ರ ಕೀಳಲಿಲ್ಲ. ಹೊತ್ತು ಇಳಿಯುವ ವೇಳೆಗೆ ದೊಡ್ಡ ಹೆಸರಿನ ಹೋರಿಯೊಂದು ಮೂಗಿನ ಮುಂದೆ ಹಾದುಹೋದರೂ ನಮ್ಮ ಸಾಲಿನಲ್ಲಿ ಯಾರೂ ಮಿಸುಕಲಿಲ್ಲ. ಸಂಘಟಕರು ನಮ್ಮನ್ನು ಹುಚ್ಚರೆಂದು ತಿಳಿದಿರಬೇಕು. ನನಗೆ ಎದೆ ತುಂಬಿ ಬಂತು.

ಆಮೇಲೆ ಮಾಸೂಮಾ ಚಾಚಿ ತಂದಿದ್ದ ಮಂಡಕ್ಕಿ, ಖಾರ ಎಲ್ಲವನ್ನೂ ಒಂದು ಬಟ್ಟೆಯ ಮೇಲೆ ಸುರಿದಳು. ಎಲ್ಲರೂ ಸುತ್ತ ಕೂತು ಕೈ ಹಾಕಿದೆವು. ಚನ್ನೇಶ ತನಗೆ ಹಸಿವಿಲ್ಲವೆಂದು ದೂರ ನಿಂತು ಫೋನು ನೋಡುತ್ತಿದ್ದ. ಫಕ್ಕೀರೇಶ ಅದನ್ನು ನೋಡಿಯೂ ನೋಡದವನಂತೆ ತಿಂದ. ಕಾಲು ಪಳಗಿಸಲು ಒಂದು ದಿನ ಸಾಕಾಗಿತ್ತು, ಇದಕ್ಕೆ ಎಷ್ಟು ದಿನ ಬೇಕೋ ತಿಳಿಯಲಿಲ್ಲ.

ಚಳಿಗಾಲ ಮುಗಿಯುವಷ್ಟರಲ್ಲಿ ಕಾಗೆಗಳು ಮುತ್ತಿಗೆ ಸಾರಿದವು. ಮೊದಲೇ ಸಾರಿ ಬರುವ ಮುತ್ತಿಗೆಗೆ ಬೇರೆ ನಿಯಮಗಳಿವೆ. ಗೊತ್ತು ಮಾಡಿದ ಹೊತ್ತು ತೀರುವ ತನಕ ಕೋಟೆ ಉಳಿದರೆ ನಾವು ಗೆದ್ದೆವು. ಆ ಹೊತ್ತಿನಲ್ಲಿ ಗೋಡೆಯ ಹೊರಗೆ ಸತ್ತವನು ಮಾತ್ರ ಪೂರ್ತಿ ಸತ್ತ ಹಾಗೆ. ಕಲಿತ ವಿದ್ಯೆ, ಗಳಿಸಿದ ಹೆಸರು, ಮನೆ ಎಲ್ಲವೂ ಹೋಗಿ, ಮತ್ತೆ ಸಮುದ್ರದ ದಂಡೆಯಿಂದ ಶುರುಮಾಡಬೇಕು.

ರವಿವಾರದ ಮಧ್ಯಾಹ್ನ ಅದು. ಗಿರಣಿಯಲ್ಲಿ ಗುತ್ತೆವ್ವ ಎಂಬ ಮುದುಕಿ ಜೋಳದ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

“ತಂಗೀ, ನಿನ್ನ ಊರು ಆಮ್ಯಾಲ ಉಳಿಸೀಯಂತ, ಮೊದಲ ನನ್ನ ಜ್ವಾಳ ಬೀಸು” ಎಂದು ರೇಗಿದಳು. ಅವಳ ಪುಣ್ಯವೋ ನನ್ನ ಪುಣ್ಯವೋ, ಕರೆಂಟು ಹೋಯಿತು. ಪಟ್ಟಾ ನಿಂತು ಗಿರಣಿ ಸ್ತಬ್ಧವಾಯಿತು. ಕಿವಿಯಲ್ಲಿ ನಮ್ಮವರ ಉಸಿರಾಟವೂ ಕೇಳಿಸತೊಡಗಿತು.

ಗೆಜ್ಜೆ ಸದ್ದಾಯಿತು. ಹೋರಿ ಬಂತು. ಈ ಸಲ ಮೈತುಂಬ ಸಿಂಗಾರ, ಕೊರಳು ಕಾಣದಷ್ಟು ಕಾಯಿ. ಬಾಗಿಲ ಮುಂದೆ ಹಾದು ಹೋಯಿತು, ತಿರುಗಿ ಮತ್ತೆ ಬಂತು. ನಮ್ಮವರು ಒಬ್ಬರೂ ಕದಲಲಿಲ್ಲ. ಭೇಷ್ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ಕಾಗೆ ಪಡೆಯವರು ಅದಕ್ಕೂ ತಯಾರಾಗಿ ಬಂದಿದ್ದರು. ಗುಡ್ಡದ ಮರೆಯಿಂದ ಕವಣೆ ಯಂತ್ರಗಳು ಕಲ್ಲು ಎಸೆಯತೊಡಗಿದವು. ನಮ್ಮ ಬಾಣ ಅಲ್ಲಿಗೆ ಮುಟ್ಟುವುದಿಲ್ಲ. ಪಡುವಣ ಗೋಡೆ ಬಿರುಕು ಬಿಟ್ಟಿತು.

“ಅಕ್ಕಾರ, ಗೋಡಿ ತಾಳಂಗಿಲ್ಲ. ಹೊತ್ತು ತೀರೂದ್ರಾಗ ಬೀಳತೈತಿ” ಎಂದ ಚನ್ನೇಶ. ಕಟ್ಟಿದವನೇ ಹಾಗೆ ಹೇಳಿದ ಮೇಲೆ ಮಾತು ಮುಗಿಯಿತು.

ಆಗ ಫಕ್ಕೀರೇಶ ಹೇಳಿದ: “ಅಕ್ಕಾ, ಬಾಗಲಾ ಪೂರಾ ತಗದಿಡ್ರಿ. ನಾ ಹೋರಿ ಹಿಂದ ಓಡತೇನಿ. ನಾ ಓಡಿದ್ದು ಕಂಡರ ಎಲ್ಲಾರೂ ಓಡ್ಯಾರಂತ ಅವರು ನಂಬತಾರ. ಯಂತ್ರ ಬಿಟ್ಟು ಬಾಗಲಕ್ಕ ನುಗ್ಗತಾರ. ಒಳಗ ಓಣಿಯಾಗ ನೀವು ಎಣ್ಣಿ ಕಾಸಿಕೊಂಡು ಕುಂತಿರ್ರಿ.”

“ಹೊರಗ ಸತ್ತರ ನಿಂದೆಲ್ಲಾ ಹೊಕ್ಕೈತಿ. ಎರಡು ವರ್ಷದ್ದು” ಅಂದೆ.

“ಗೊತ್ತೈತಿ.”

“ಬ್ಯಾಡ. ಬ್ಯಾರೆ ಏನರ ನೋಡೂನು.”

“ಬ್ಯಾರೆ ಏನೈತಿ ಹೇಳ್ರಿ. ನೀವು ಅವತ್ತ ಶಿಗ್ಗಾಂವಿಗೆ ಬಂದು ಕೇಳಿದ್ರಿ, ಯಾವುದು ಬೇಕಂತ. ನನಗ ಊರು ಬೇಕು.”

ನನಗೆ ಬೇರೆ ಉಪಾಯ ಹೊಳೆಯಲಿಲ್ಲ. ಒಡತಿ ಎನ್ನಿಸಿಕೊಂಡ ಮೇಲೆ ಇಂಥದ್ದನ್ನೂ ಹೇಳಬೇಕಾಗುತ್ತದೆ. “ಓಡು” ಅಂದೆ. ಚಾಚಿ ಎಣ್ಣೆಯ ಕೊಪ್ಪರಿಗೆಗಳನ್ನು ಓಣಿಗೆ ಇಳಿಸಿದಳು. ಚನ್ನೇಶ ತನ್ನ ಹುಡುಗರನ್ನು ಮಾಳಿಗೆಗಳ ಮೇಲೆ ಅಡಗಿಸಿದ. ಬಾಗಿಲು ಹಾರು ಹೊಡೆದಂತೆ ತೆರೆದು ನಿಂತಿತು. ಫಕ್ಕೀರೇಶ ಕೇಕೆ ಹಾಕಿ ಹೋರಿಯ ಬೆನ್ನು ಬಿದ್ದ.

ಕವಣೆಗಳು ನಿಂತವು. ಗುಡ್ಡದ ಹಿಂದಿನಿಂದ ಇಡೀ ಕಾಗೆ ಪಡೆ ಎದ್ದು ನಮ್ಮ ಬಾಗಿಲಿಗೆ ನುಗ್ಗಿತು. ಒಳಗೆ ಬಂದವರು ಬಂದಂತೆ ಬಿದ್ದರು. ಹಿಂದಿನವರಿಗೆ ಮುಂದಿನವರ ಗತಿ ತಿಳಿಯುವಷ್ಟರಲ್ಲಿ ಚನ್ನೇಶ ಬಾಗಿಲು ಇಳಿಸಿ ಮುಚ್ಚಿದ. ಫಕ್ಕೀರೇಶ ಹೊರಗೆ ಉಳಿದ. ಅವನ ಸುತ್ತ ಕರಿ ಬಾವುಟಗಳು ಕೂಡಿಕೊಳ್ಳುವುದು ನನಗೆ ಕಾಣಿಸುತ್ತಿತ್ತು.

“ಹರಿದೆ ಅಕ್ಕಾ! ಕಾಯಿ ಹರಿದೆ!” ಎಂದು ಕೂಗಿದ. ಅದೇ ಅವನ ಕೊನೆಯ ಮಾತು. ಅವನ ಹೆಸರು ಪಟ್ಟಿಯಿಂದ ಅಳಿದುಹೋಯಿತು.

ಮತ್ತೆ ಕವಣೆ ನಡೆಸಲು ಕಾಗೆಗಳಲ್ಲಿ ಜನ ಉಳಿದಿರಲಿಲ್ಲ. ಮುತ್ತಿಗೆಯ ಹೊತ್ತು ತೀರಿದಾಗ ಮರುಕೋಟಿ ನಿಂತಿತ್ತು. ಯಾರೂ ಜಯಕಾರ ಹಾಕಲಿಲ್ಲ. ನಾನು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡೆ.

“ಯಾಕವ್ವಾ, ಸೋತೀಯೇನು?” ಎಂದಳು ಗುತ್ತೆವ್ವ.

“ಇಲ್ಲಬೇ, ಗೆದ್ದೇನಿ” ಅಂದೆ.

ಸ್ವಲ್ಪ ಹೊತ್ತಿಗೆ ಕೋಟೆಯ ಬಾಗಿಲಿಗೆ ಒಬ್ಬ ಹೊಸಬ ಬಂದು ನಿಂತ. ಮೈಮೇಲೆ ಒಂದು ತುಂಡು ಬಟ್ಟೆ, ಬರಿಗಾಲು, ಬರಿಗೈ. ದಂಡೆಯಿಂದ ನಡೆದೇ ಬಂದಿದ್ದ. “ನಾನರೀ, ಫಕ್ಕೀರೇಶ. ಒಳಗ ಬಿಡ್ರಿ” ಅಂದ. ದನಿಯಲ್ಲಿ ನಗೆ ಇತ್ತು, ನಡುಕವೂ ಇತ್ತು.

ಆಟದ ನಿಯಮದಂತೆ, ಕೋಟೆ ಎದ್ದ ಮೇಲೆ ಹೊಸಬನನ್ನು ಹಾಗೇ ಒಳಗೆ ಬಿಡಲು ಬರುವುದಿಲ್ಲ. ಊರಿನವರೊಬ್ಬರು ತಮ್ಮ ಮನೆ ಒತ್ತೆಯಿಟ್ಟು ಜಾಮೀನು ನಿಲ್ಲಬೇಕು. ಅವನು ಮುಂದೆ ತಪ್ಪು ಮಾಡಿದರೆ ಜಾಮೀನಿನವರ ಮನೆ ಹೋಗುತ್ತದೆ. ಒಡತಿಗೆ ಜಾಮೀನು ನಿಲ್ಲುವ ಹಕ್ಕಿಲ್ಲ. ನಿಲ್ಲಿರೆಂದು ಬೇರೆ ಯಾರನ್ನೂ ಕೇಳಬಾರದು ಎಂದು ತುಟಿ ಕಚ್ಚಿ ಕೂತೆ. ಇದು ಕೇಳಿ ಪಡೆಯುವಂಥದ್ದಲ್ಲ. ಮಾಸೂಮಾ ಚಾಚಿ “ನಾ...” ಎಂದು ಶುರುಮಾಡಿದಳು.

“ಚಾಚೀ, ತಡೀರಿ” ಎಂದಿತು ಇನ್ನೊಂದು ದನಿ. ಪರದೆಯ ಮೇಲೆ ಊರಿನಲ್ಲೇ ದೊಡ್ಡದಾದ, ಕಲ್ಲುಕಂಬದ ಮನೆಗೆ ಒತ್ತೆಯ ಗುರುತು ಬಿತ್ತು. ಅದು ಚನ್ನೇಶನ ಮನೆ.

ಬಾಗಿಲ ಹೊರಗಿನವನು ಅಲ್ಲಿಂದಲೇ ಕೇಳಿದ.

“ಗೌಡ್ರ, ನಾ ಮತ್ತೊಮ್ಮೆ ಹೋರಿ ಹಿಂದ ಓಡಿದರ? ನಿಮ್ಮ ಮನಿ ಹೊಕ್ಕೈತಿ ನೋಡ್ರಿ.”

“ಹೋದರ ಹೋಗ್ಲಿ” ಅಂದ ಚನ್ನೇಶ. “ಇಬ್ಬರೂ ಕೂಡಿ ಕಟ್ಟೂನು. ಬಾ ಒಳಗ.”